ಬೆರಳಿಗಿಂತ ಮೊದಲು ಕಿವಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂತಹ ಊರುಗಳಲ್ಲಿ ಸಂಗೀತ ಕಲಿಯುವುದೆಂದರೆ ಬಹುಕಾಲ ಹಾರ್ಮೋನಿಯಂ ಮತ್ತು ತಬಲಾ ಎಂದೇ ಅರ್ಥವಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳು ಮಠದ ಕೋಣೆಯಲ್ಲೋ ಶಾಲೆಯ ಪಡಸಾಲೆಯಲ್ಲೋ ಕುಳಿತು ಮಕ್ಕಳಿಗೆ ಅಲಂಕಾರಗಳನ್ನು ಹೇಳಿಕೊಡುತ್ತಿದ್ದರು. ಈಗ ಅದೇ ಊರುಗಳ ಬಸ್ ನಿಲ್ದಾಣಗಳಲ್ಲಿ ಗಿಟಾರಿನ ಕಪ್ಪು ಚೀಲವನ್ನು ಬೆನ್ನಿಗೆ ತೂಗುಹಾಕಿಕೊಂಡ ಹುಡುಗ ಹುಡುಗಿಯರು ಕಾಣಸಿಗುತ್ತಾರೆ. ಕಲಿಸಬಲ್ಲವರು ಹತ್ತಿರದಲ್ಲಿ ವಿರಳ. ಗುರುವಿನ ಸ್ಥಾನದಲ್ಲಿ ಮೊಬೈಲ್ ಪರದೆ ಕುಳಿತಿದೆ. ಯಾವ ತಂತಿ, ಯಾವ ಮನೆ, ಯಾವ ಬೆರಳು ಎಂಬುದನ್ನು ಅದು ಚೆನ್ನಾಗಿಯೇ ತೋರಿಸಿಕೊಡುತ್ತದೆ.

ಎರಡು ವರ್ಷಗಳಿಂದ ಹೀಗೆ ಕಲಿಯುತ್ತಿರುವ ಗಂಗಾವತಿಯ ಪದವಿ ವಿದ್ಯಾರ್ಥಿಯೊಬ್ಬ ಕೆಲವು ತಿಂಗಳ ಹಿಂದೆ ನನ್ನ ಮುಂದೆ ಒಂದು ಬ್ಲೂಸ್ ತುಣುಕನ್ನು ನುಡಿಸಿದ. ಬೆರಳುಗಳು ಚುರುಕಾಗಿದ್ದವು, ಲಯವೂ ತಪ್ಪಲಿಲ್ಲ. ಆದರೂ ಅದು ಟಪಾಲು ಓದಿದಂತಿತ್ತು. ಇದನ್ನು ಮೊದಲು ನುಡಿಸಿದವರು ಯಾರು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮೂಲವನ್ನು ಅವನು ಒಮ್ಮೆಯೂ ಕೇಳಿರಲಿಲ್ಲ, ಅದನ್ನು ಕಲಿಸುವ ವಿಡಿಯೊವನ್ನು ಮಾತ್ರ ನೂರಾರು ಬಾರಿ ನೋಡಿದ್ದ. ಹಾಗಾದರೆ ಏನನ್ನು ಕೇಳಬೇಕು, ಎಲ್ಲಿಂದ ಆರಂಭಿಸಬೇಕು ಎಂದು ಅವನು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಒಂದು ಕಾಲದಲ್ಲಿ ಕೇಳಲು ಧ್ವನಿಮುದ್ರಿಕೆಗಳೇ ಸಿಗುತ್ತಿರಲಿಲ್ಲ. ಇಂದು ಎಲ್ಲವೂ ಸಿಗುತ್ತದೆ, ಆದ್ದರಿಂದಲೇ ಯಾವುದನ್ನೂ ಎರಡನೆಯ ಬಾರಿ ಕೇಳದ ಅಭ್ಯಾಸ ಬೆಳೆದಿದೆ.

ನಾನು ಗಿಟಾರ್ ವಾದಕನಲ್ಲ, ಕೇಳುಗ ಮಾತ್ರ. ಈ ಸಂಗೀತದ ಬಳಿಗೆ ನಾನು ಬಂದದ್ದು ಅರ್ಥಶಾಸ್ತ್ರದ ಬಾಗಿಲಿನಿಂದ. ಎಂ.ಎ. ಓದುವಾಗ ಪಾಲುಗಾರಿಕೆಯ ಬಗ್ಗೆ ಓದಬೇಕಾಗಿತ್ತು. 1865ರಲ್ಲಿ ಅಮೆರಿಕದ ಗುಲಾಮಗಿರಿ ಕಾನೂನಿನ ಮಟ್ಟಿಗೆ ಕೊನೆಗೊಂಡ ಮೇಲೆ ದಕ್ಷಿಣದ ಹತ್ತಿ ಹೊಲಗಳಲ್ಲಿ ಕಪ್ಪು ಜನರು ಪಾಲಿನ ಬೇಸಾಯಗಾರರಾದರು. ಬೀಜ, ಹಿಟ್ಟು, ಬಟ್ಟೆಗಳನ್ನು ಜಮೀನುದಾರನ ಅಂಗಡಿಯಿಂದ ಸಾಲವಾಗಿ ಪಡೆಯುವುದು, ಸುಗ್ಗಿಯಲ್ಲಿ ಲೆಕ್ಕ ಮಾಡಿದಾಗ ಪಾಲೆಲ್ಲ ಸಾಲಕ್ಕೆ ಜಮೆಯಾಗುವುದು, ಮುಂದಿನ ವರ್ಷ ಮತ್ತೆ ಅಲ್ಲಿಯೇ ಉಳಿಯುವುದು. ಹೈದರಾಬಾದ್ ಕರ್ನಾಟಕದ ಹಳೆಯ ಹಳ್ಳಿಗಳನ್ನು ಬಲ್ಲವರಿಗೆ ಈ ಲೆಕ್ಕದ ಪುಸ್ತಕವನ್ನು ವಿವರಿಸಿ ಹೇಳಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಿಸಿಸಿಪಿ ನದಿಯ ಮುಖಜಭೂಮಿ ಎಂದು ಕರೆಯಲಾಗುವ ಆ ಬಯಲಿನಲ್ಲಿ ಹಾಡುಗಾರಿಕೆಯ ಒಂದು ಬಗೆ ಗಟ್ಟಿಗೊಂಡಿತು. ಪಠ್ಯಪುಸ್ತಕದ ಕೋಷ್ಟಕಗಳಲ್ಲಿ ಇಲ್ಲದ ಸಂಗತಿ ಅಲ್ಲಿತ್ತು.

ಹಿಂದೂಸ್ತಾನಿ ಸಂಗೀತದ ಅಲ್ಪ ಪರಿಚಯವಿರುವವರಿಗೆ ಬ್ಲೂಸ್‌ನ ಕಟ್ಟಡ ಸುಲಭವಾಗಿ ಅರ್ಥವಾಗುತ್ತದೆ. ನಾಲ್ಕು ಮಾತ್ರೆಗಳ ಹನ್ನೆರಡು ಆವರ್ತನಗಳು ಸೇರಿ ಒಂದು ಚಕ್ರ. ಷಡ್ಜ, ಮಧ್ಯಮ, ಪಂಚಮಗಳನ್ನು ಆಧರಿಸಿದ ಮೂರು ಸ್ವರಗುಚ್ಛಗಳು ಗೊತ್ತಾದ ಕ್ರಮದಲ್ಲಿ ಬಂದುಹೋಗುತ್ತವೆ. ಹಾಡಿನ ಮೊದಲ ಸಾಲು ಒಮ್ಮೆ ಬಂದು, ಮತ್ತೆ ಅದೇ ಸಾಲು ಬಂದು, ಮೂರನೆಯ ಸಾಲು ಅದಕ್ಕೆ ಉತ್ತರ ಕೊಡುತ್ತದೆ. ಪ್ರತಿ ಸಾಲಿನಲ್ಲಿಯೂ ಧ್ವನಿ ಅರ್ಧ ಜಾಗವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಉಳಿದರ್ಧ ಗಿಟಾರಿನದು. ಅದು ಪಕ್ಕವಾದ್ಯವಲ್ಲ, ಎದುರಿಗೆ ಕುಳಿತು ಹೂಂಗುಟ್ಟುವ ಇನ್ನೊಬ್ಬ ವ್ಯಕ್ತಿ.

ಸ್ವರಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಗಿಟಾರ್ ಕಲಿಯುವವರು ಮೊದಲು ಅಭ್ಯಾಸ ಮಾಡುವ ಬ್ಲೂಸ್‌ನ ಐದು ಸ್ವರಗಳ ಮೇಳವೆಂದರೆ ಷಡ್ಜ, ಕೋಮಲ ಗಾಂಧಾರ, ಮಧ್ಯಮ, ಪಂಚಮ, ಕೋಮಲ ನಿಷಾದ. ನಮ್ಮವರು ಇದನ್ನು ಧಾನಿ ರಾಗವೆಂದೂ ಕರ್ನಾಟಕ ಪದ್ಧತಿಯವರು ಶುದ್ಧ ಧನ್ಯಾಸಿಯೆಂದೂ ಗುರುತಿಸುತ್ತಾರೆ. ಆದರೆ ಕೆಳಗೆ ನುಡಿಯುವ ಸ್ವರಗುಚ್ಛದಲ್ಲಿ ಶುದ್ಧ ಗಾಂಧಾರವಿರುತ್ತದೆ. ಮೇಲಿನ ಕೋಮಲಕ್ಕೂ ಕೆಳಗಿನ ಶುದ್ಧಕ್ಕೂ ಆಗುವ ತಿಕ್ಕಾಟವೇ ಬ್ಲೂಸ್. ಹಾಡುವವನು ಈ ಎರಡರ ನಡುವೆ ಎಲ್ಲಿಯೋ ನಿಲ್ಲುತ್ತಾನೆ. ಆ ಜಾಗ ಗಿಟಾರಿನ ಯಾವ ಮನೆಯಲ್ಲಿಯೂ ಇಲ್ಲ. ತಂತಿಯನ್ನು ಪಕ್ಕಕ್ಕೆ ಎಳೆದು, ಕಿವಿಯಿಂದಲೇ ಅದನ್ನು ಹುಡುಕಬೇಕು. ಧಾರವಾಡದಲ್ಲಿ ನೆಲೆಸಿದ ಉಸ್ತಾದ್ ರಹಿಮತ್ ಖಾನರ ಪರಂಪರೆಯ ಸಿತಾರ್ ವಾದಕರು ಮೀಂಡ್ ತೆಗೆಯುವುದೂ ತಂತಿಯನ್ನು ಹೀಗೆ ಎಳೆದೇ. ಎಷ್ಟು ಎಳೆಯಬೇಕು ಎಂಬುದನ್ನು ಯಾವ ಪರದೆಯೂ ತೋರಿಸಲಾರದು.

ಹಾಗಾಗಿ ಕೇಳ್ಮೆಯ ಕ್ರಮ ಮುಖ್ಯ. ಹೆಚ್ಚಿನವರು ರಾಬರ್ಟ್ ಜಾನ್ಸನ್ ಅವರಿಂದ ಆರಂಭಿಸುತ್ತಾರೆ, ಏಕೆಂದರೆ ಹೆಸರು ದೊಡ್ಡದು, ಕಥೆಯೂ ರೋಚಕ. ನನ್ನ ಸಲಹೆ ಬೇರೆ. ಮಿಸಿಸಿಪಿ ಜಾನ್ ಹರ್ಟ್ ಅವರಿಂದ ಆರಂಭಿಸಬೇಕು. ಇವರು 1928ರಲ್ಲಿ ಕೆಲವು ಹಾಡುಗಳನ್ನು ಮುದ್ರಿಸಿ, ಅವು ಹೆಚ್ಚು ಮಾರಾಟವಾಗದೆ, ತಮ್ಮ ಅವಲಾನ್ ಎಂಬ ಹಳ್ಳಿಗೆ ಹಿಂದಿರುಗಿ ಕೃಷಿ ಕೂಲಿಯಾಗಿ ಉಳಿದರು. 1963ರಲ್ಲಿ ಸಂಗೀತಾಸಕ್ತರೊಬ್ಬರು ಹಳೆಯ ಹಾಡಿನಲ್ಲಿದ್ದ ಊರಿನ ಹೆಸರನ್ನೇ ಜಾಡು ಮಾಡಿಕೊಂಡು ಅವರನ್ನು ಹುಡುಕಿಕೊಂಡು ಹೋದರು. ಆಮೇಲೆ ಮೂರು ವರ್ಷ ಅವರು ದೇಶವೆಲ್ಲ ನುಡಿಸಿ 1966ರಲ್ಲಿ ತೀರಿಕೊಂಡರು. ಅವರ ವಾದನದಲ್ಲಿ ಹೆಬ್ಬೆರಳು ಕೆಳಗಿನ ತಂತಿಗಳ ನಡುವೆ ಒಂದೇ ಹದದಲ್ಲಿ ನಡೆದಾಡುತ್ತದೆ, ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡುತ್ತವೆ. ಅವಸರವಿಲ್ಲ, ಪ್ರದರ್ಶನವಿಲ್ಲ. ಧ್ವನಿ ಪಕ್ಕದ ಮನೆಯ ಹಿರಿಯರು ಮಾತಾಡಿದಂತೆ. 1928ರ ಮುದ್ರಣಗಳನ್ನೂ 1960ರ ದಶಕದ ಮುದ್ರಣಗಳನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಕೇಳಿದರೆ ಮೂವತ್ತೈದು ವರ್ಷಗಳ ಮೌನದಲ್ಲಿ ಆ ಹೆಬ್ಬೆರಳು ಏನನ್ನೂ ಮರೆಯಲಿಲ್ಲ ಎಂಬುದು ತಿಳಿಯುತ್ತದೆ.

ಎರಡನೆಯದಾಗಿ ಜಿಮ್ಮಿ ರೀಡ್. 1950ರ ದಶಕದ ಅವರ ಹಾಡುಗಳಲ್ಲಿ ಎಡ್ಡಿ ಟೇಲರ್ ಅವರ ಗಿಟಾರ್ ಒಂದೇ ನಡಿಗೆಯನ್ನು ಎಡೆಬಿಡದೆ ಕಾಯುತ್ತದೆ. ಪ್ರತಿ ಮಾತ್ರೆಯನ್ನು ಮೂರಾಗಿ ಒಡೆದು, ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಚಿಕ್ಕದಾಗಿ ಬಿಡುವ ತ್ರಿಶ್ರದ ನಡೆ ಅದು. ಕುಂಟುತ್ತ ನಡೆದಂತೆ ಕೇಳಿಸುತ್ತದೆ, ಆದರೆ ಎಂದಿಗೂ ಬೀಳುವುದಿಲ್ಲ. ನುಡಿಸಲು ಅತಿ ಸುಲಭವೆನಿಸುವ ಇದನ್ನು ಹತ್ತು ನಿಮಿಷ ಸಮನಾಗಿ ನುಡಿಸಿ ತೋರಿಸಬಲ್ಲ ಕಲಿಕೆಯವರು ಕಡಿಮೆ. ವೇಗದ ತುಣುಕುಗಳನ್ನು ಬಿಟ್ಟು ಒಂದು ತಿಂಗಳು ಇದನ್ನೇ ಕೇಳಿ, ಇದರ ಜೊತೆಗೇ ಕಾಲು ಕುಟ್ಟಿ ಕುಳಿತರೆ ಸಿಗುವ ಲಾಭ ದೊಡ್ಡದು.

ಮೂರನೆಯದನ್ನು ಕೇಳುವಾಗ ದೀಪ ಆರಿಸಿಕೊಳ್ಳುವುದು ಒಳ್ಳೆಯದು. ಅಂಧ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರಲ್ಲಿ ಡಲ್ಲಾಸ್ ನಗರದಲ್ಲಿ ಮುದ್ರಿಸಿದ 'ಡಾರ್ಕ್ ವಾಸ್ ದಿ ನೈಟ್, ಕೋಲ್ಡ್ ವಾಸ್ ದಿ ಗ್ರೌಂಡ್' ಮೂಲತಃ ಭಕ್ತಿಗೀತೆ. ಆದರೆ ಅದರಲ್ಲಿ ಪದಗಳೇ ಇಲ್ಲ. ನರಳಿಕೆಗೂ ಗುನುಗುವಿಕೆಗೂ ನಡುವಿನ ಧ್ವನಿ, ತಂತಿಯ ಮೇಲೆ ಜಾರುವ ಒಂದು ವಸ್ತು, ಇಷ್ಟೇ. 1977ರಲ್ಲಿ ವಾಯೇಜರ್ ಗಗನನೌಕೆಗಳಲ್ಲಿ ಇಟ್ಟು ಕಳುಹಿಸಿದ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ ಇದೂ ಸೇರಿದೆ. ಅದೇ ತಟ್ಟೆಯಲ್ಲಿ ಭಾರತದಿಂದ ಹೋದದ್ದು ಕೇಸರಬಾಯಿ ಕೇರ್ಕರ್ ಅವರ ಭೈರವಿ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಸೇರಿದ ಜೈಪುರ ಅತ್ರೌಲಿ ಘರಾಣೆಯವರೇ ಕೇಸರಬಾಯಿ. ಇವೆರಡನ್ನೂ ಒಂದೇ ಸಂಜೆ ಕೇಳಿ ನೋಡಬೇಕು. ಸ್ವರದಿಂದ ಸ್ವರಕ್ಕೆ ಹಾರದೆ, ನಡುವಿನ ದಾರಿಯನ್ನೆಲ್ಲ ಸವೆಸಿಕೊಂಡು ಹೋಗುವುದು ಎಂದರೇನು ಎಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಈ ಜಾರುವಿಕೆಯ ದಾರಿಯಲ್ಲಿ ಮುಂದೆ ಹೋಗಬಯಸುವವರಿಗೆ ವಿಶ್ವಮೋಹನ ಭಟ್ ಮತ್ತು ರೈ ಕೂಡರ್ ಜೊತೆಯಾಗಿ ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್' ಇದೆ. 1994ರಲ್ಲಿ ಗ್ರ್ಯಾಮಿ ಪಡೆದ ಮುದ್ರಿಕೆ ಅದು.

ಜಾನ್ ಲೀ ಹೂಕರ್ ಅವರ ವಿಷಯವನ್ನು ಇಲ್ಲಿ ಬೇಗ ಮುಗಿಸುತ್ತೇನೆ. 1948ರ 'ಬೂಗಿ ಚಿಲ್ಲೆನ್' ಒಂದೇ ಸ್ವರಗುಚ್ಛದ ಮೇಲೆ, ಒಂದು ಪಾದದ ಕುಟ್ಟುವಿಕೆಯ ಮೇಲೆ ನಿಂತಿದೆ. ಹನ್ನೆರಡು ಆವರ್ತನಗಳ ನಿಯಮವನ್ನು ಕಲಿತವರು, ನಿಯಮವಿಲ್ಲದೆಯೂ ಬ್ಲೂಸ್ ಇರಬಲ್ಲದು ಎಂಬುದನ್ನು ಇಲ್ಲಿ ಕೇಳಬಹುದು. ಏಕತಾರಿಯ ಮುಂದೆ ಕುಳಿತು ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಇಷ್ಟಾದ ಮೇಲೆ ರಾಬರ್ಟ್ ಜಾನ್ಸನ್. 1936ರ ನವೆಂಬರ್ ಮತ್ತು 1937ರ ಜೂನ್‌ನಲ್ಲಿ ಟೆಕ್ಸಾಸ್‌ನಲ್ಲಿ ಮುದ್ರಿಸಿದ 29 ಹಾಡುಗಳು ಅವರ ಒಟ್ಟು ಆಸ್ತಿ. 1938ರಲ್ಲಿ 27ನೆಯ ವಯಸ್ಸಿಗೇ ತೀರಿಕೊಂಡರು. 1961ರಲ್ಲಿ ಆ ಹಾಡುಗಳು ದೀರ್ಘವಾದನದ ತಟ್ಟೆಯಾಗಿ ಬಂದಾಗ ಇಂಗ್ಲೆಂಡಿನ ಒಂದು ತಲೆಮಾರೇ ಅವರ ಬೆನ್ನುಹತ್ತಿತು. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಮೊದಲ ಬಾರಿ ಕೇಳಿದಾಗ, ಇವರೊಂದಿಗೆ ನುಡಿಸುತ್ತಿರುವ ಇನ್ನೊಬ್ಬ ಯಾರು ಎಂದು ವಿಚಾರಿಸಿದರಂತೆ. ಇನ್ನೊಬ್ಬ ಇರಲಿಲ್ಲ. ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಈ ವಿದ್ಯೆ ಪಡೆದರೆಂಬ ಕಥೆಯನ್ನು ನಮ್ಮ ಹುಡುಗರು ಹಾಡುಗಳಿಗಿಂತ ಮೊದಲು ಕಲಿತಿರುತ್ತಾರೆ. ಅವರಿಗೆ ಐಕ್ ಜಿಮರ್‌ಮನ್ ಎಂಬ ಗುರುವಿದ್ದರು, ಗುರು ಶಿಷ್ಯರಿಬ್ಬರೂ ರಾತ್ರಿಯ ಹೊತ್ತು ಸ್ಮಶಾನದ ಶಾಂತಿಯಲ್ಲಿ ಅಭ್ಯಾಸ ಮಾಡುತ್ತಿದ್ದರು ಎಂಬ ವಿವರ ಅಷ್ಟು ಪ್ರಚಾರ ಪಡೆದಿಲ್ಲ. ರಿಯಾಜು ಮಾರಾಟವಾಗುವ ಕಥೆಯಲ್ಲ.

ಹೆಂಗಸರ ಹೆಸರುಗಳನ್ನು ಈ ಬಗೆಯ ಪಟ್ಟಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಕಪ್ಪು ಗಾಯಕಿಯೊಬ್ಬರ ಮೊದಲ ಬ್ಲೂಸ್ ಮುದ್ರಣವೆಂದು ಹೆಸರಾದದ್ದು 1920ರ ಮೇಮಿ ಸ್ಮಿತ್ ಅವರದು ಎಂಬುದು ಹಾಗಿರಲಿ. ಗಿಟಾರ್ ಕಲಿಯುವವರಿಗೆ ಮೆಂಫಿಸ್ ಮಿನ್ನಿ ಅನಿವಾರ್ಯ. 1927ರ ಮಿಸಿಸಿಪಿ ಪ್ರವಾಹದ ಬಗ್ಗೆ ಅವರು ಜೊ ಮೆಕಾಯ್ ಅವರೊಂದಿಗೆ 1929ರಲ್ಲಿ ಮುದ್ರಿಸಿದ 'ವೆನ್ ದ ಲೆವಿ ಬ್ರೇಕ್ಸ್' ಹಾಡಿನಲ್ಲಿ ಎರಡು ಗಿಟಾರುಗಳು ಒಂದನ್ನೊಂದು ಹೇಗೆ ಕಾಯುತ್ತವೆ ಎಂಬುದನ್ನು ಕೇಳಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನದಿಯ ದಂಡೆಯಲ್ಲಿ ರಾತ್ರಿ ಕಳೆದವರಿಗೆ ಒಡ್ಡು ಒಡೆಯುವ ಭಯ ಪುಸ್ತಕದ ಸಂಗತಿಯಲ್ಲ. ಎಲಿಜಬೆತ್ ಕಾಟನ್ ಎಡಗೈಯವರು. ಬಲಗೈಯವರ ಗಿಟಾರನ್ನು ತಂತಿ ಬದಲಿಸದೆ ತಲೆಕೆಳಗು ಹಿಡಿದು, ಹೆಬ್ಬೆರಳಿನಿಂದ ಮೇಲಿನ ಸ್ವರಗಳನ್ನೂ ಬೆರಳುಗಳಿಂದ ಮಂದ್ರವನ್ನೂ ನುಡಿಸಿದರು. ಮನೆಗೆಲಸ ಮಾಡಿಕೊಂಡಿದ್ದ ಅವರ ಮೊದಲ ಮುದ್ರಿಕೆ ಬಂದದ್ದು ಅರವತ್ತು ದಾಟಿದ ಮೇಲೆ. ವಾದ್ಯ ಸರಿಯಿಲ್ಲ, ಕೈ ಸರಿಯಿಲ್ಲ, ವಯಸ್ಸಾಯಿತು ಎನ್ನುವವರಿಗೆ ಕೇಳಿಸಲು ಇದು ಸೂಕ್ತ.

ವಿದ್ಯುತ್ ಗಿಟಾರಿನ ಯುಗಕ್ಕೆ ಬಂದರೆ ಮಡ್ಡಿ ವಾಟರ್ಸ್ ಮತ್ತು ಬಿ.ಬಿ. ಕಿಂಗ್ ಇಬ್ಬರು ಸಾಕು, ಆಮೇಲೆ ಆಲ್ಬರ್ಟ್ ಕಿಂಗ್. ಬಿ.ಬಿ. ಕಿಂಗ್ ಅವರ 'ಲೈವ್ ಅಟ್ ದ ರೀಗಲ್' 1964ರ ನವೆಂಬರ್‌ನಲ್ಲಿ ಷಿಕಾಗೊದ ರಂಗಮಂದಿರವೊಂದರಲ್ಲಿ ಸಭಿಕರ ಮುಂದೆ ಮುದ್ರಿತವಾದದ್ದು. ಸುಮಾರು 35 ನಿಮಿಷ. ಹಾಡುವಾಗ ಅವರು ನುಡಿಸುವುದಿಲ್ಲ, ನುಡಿಸುವಾಗ ಹಾಡುವುದಿಲ್ಲ. ಒಂದು ಸ್ವರವನ್ನು ಎತ್ತಿ, ನಡುಗಿಸಿ, ಬಿಟ್ಟುಬಿಡುತ್ತಾರೆ. ಆ ಖಾಲಿ ಜಾಗವನ್ನು ಸಭಿಕರು ತುಂಬುತ್ತಾರೆ. ನಾನು ಆ ವಿದ್ಯಾರ್ಥಿಗೆ ಹೇಳಿದ್ದು ಇಷ್ಟೆ: ಈ ತಟ್ಟೆಯನ್ನು ಒಂದು ವಾರ ಗಿಟಾರ್ ಮುಟ್ಟದೆ ಕೇಳು, ಎರಡನೆಯ ವಾರ ಕಿಂಗ್ ಅವರ ಗಿಟಾರನ್ನು ಬಾಯಿಂದ ಹಾಡು, ಮೂರನೆಯ ವಾರ ಹಾಡಲು ಬಂದಷ್ಟನ್ನು ಮಾತ್ರ ನುಡಿಸು. ಬಾಯಿಗೆ ಬಾರದ್ದು ಬೆರಳಿಗೆ ಬಂದರೆ ಅದು ಟಪಾಲೇ.

ಇಷ್ಟು ದೂರದ ಸಂಗೀತಕ್ಕೂ ಈ ನಾಲ್ಕು ಊರುಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಗಂಗಾವತಿ ಸೀಮೆಗೆ ಪಾಶ್ಚಾತ್ಯ ಗಿಟಾರಿನ ಸದ್ದು ಹೊಸದೇನಲ್ಲ. ಹಂಪಿಯಿಂದ ದೋಣಿ ದಾಟಿದರೆ ಸಿಗುತ್ತಿದ್ದ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರು ವಾರಗಟ್ಟಲೆ ತಂಗುತ್ತಿದ್ದರು. ಸಂಜೆ ಅಲ್ಲಿ ಗಿಟಾರ್ ಕೇಳಿಸುವುದು ಸಾಮಾನ್ಯವಾಗಿತ್ತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಅಲ್ಲಿನ ವಸತಿಗೃಹಗಳನ್ನು ತೆರವುಗೊಳಿಸಲಾಯಿತು. ಆದರೆ ನಾನು ಹೇಳಬಯಸುವ ಸಂಬಂಧ ಅದಲ್ಲ.

ಮಿಸಿಸಿಪಿಯ ಬಡ ಮಕ್ಕಳು ಗಿಟಾರ್ ಸಿಗುವ ಮೊದಲು ಮನೆಯ ಗೋಡೆಗೆ ಎರಡು ಮೊಳೆ ಹೊಡೆದು, ಕಸಬರಿಗೆಯ ಕಟ್ಟಿನ ತಂತಿಯನ್ನು ಬಿಗಿದು, ಸೀಸೆಯೊಂದನ್ನು ಜಾರಿಸುತ್ತ ನುಡಿಸುತ್ತಿದ್ದರು. ಅದಕ್ಕೆ ಡಿಡ್ಲಿ ಬೋ ಎಂದು ಹೆಸರು. ಒಂದೇ ತಂತಿ. ಬ್ಲೂಸ್‌ನ ಅನೇಕ ವಾದಕರ ಕಿವಿ ತಯಾರಾದದ್ದು ಆ ಗೋಡೆಯ ಮುಂದೆ. ಕೊಪ್ಪಳ ತಾಲ್ಲೂಕಿನ ಹುಲಿಗಿಯಲ್ಲಿ ಹುಣ್ಣಿಮೆಯ ದಿನ ಹುಲಿಗೆಮ್ಮನ ಗುಡಿಗೆ ಸೇರುವ ಜನಸಾಗರದ ನಡುವೆ ನಿಂತರೆ ಚೌಡಿಕೆಯ ಸದ್ದು ಕೇಳುತ್ತದೆ. ಕೊಳಗದಂತಹ ಒಂದು ಪಾತ್ರೆ, ಅದರ ತಳಕ್ಕೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟು ಕೋಲಿನ ತುದಿಗೆ ಕಟ್ಟಿದ ಒಂದೇ ತಂತಿ. ಬಿಗಿತವನ್ನು ಹೆಚ್ಚು ಕಡಿಮೆ ಮಾಡುತ್ತ ಮೀಟಿದಾಗ ಸ್ವರ ಏರುತ್ತದೆ, ಇಳಿಯುತ್ತದೆ, ನಡುವೆ ಎಲ್ಲಿಯೋ ನಿಲ್ಲುತ್ತದೆ. ಮುಂದಾಳು ಒಂದು ಸಾಲು ಹಾಡುತ್ತಾಳೆ, ಹಿಮ್ಮೇಳ ಎತ್ತಿಕೊಳ್ಳುತ್ತದೆ, ಚೌಡಿಕೆ ಉತ್ತರ ಕೊಡುತ್ತದೆ. ಮನೆಯಿಲ್ಲದ ಸ್ವರವನ್ನು ಹುಡುಕುವ ವಿದ್ಯೆಯನ್ನು ಗಂಗಾವತಿಯ ಹುಡುಗ ಕಲಿಯಬೇಕಾದದ್ದು ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಿ ಬರಬಹುದಾದಷ್ಟು ಹತ್ತಿರದಲ್ಲಿ ಇದೆ.

ಈ ಮಾತನ್ನು ಹೇಳುವಾಗ ಎಚ್ಚರ ಬೇಕು. ಚೌಡಿಕೆಯ ಪದಗಳು ಜೋಗತಿಯರ ಬಾಯಲ್ಲಿ ಉಳಿದು ಬಂದವು. ದೇವರಿಗೆ ಬಿಡುವ ಪದ್ಧತಿಯ ಕ್ರೌರ್ಯ ಆ ಹಾಡಿನ ಹಿಂದೆ ಇದೆ. ಕರ್ನಾಟಕವು 1982ರ ಕಾಯ್ದೆಯ ಮೂಲಕ ಆ ಪದ್ಧತಿಯನ್ನು ನಿಷೇಧಿಸಿತು, ಮತ್ತು ಅದನ್ನು ನಿಷೇಧಿಸಲೇಬೇಕಾಗಿತ್ತು. ಹಾಡು ಉಳಿಯಲೆಂದು ಆ ಬದುಕು ಉಳಿಯಬೇಕಿತ್ತು ಎಂದು ಯಾವ ಸಂಗೀತಪ್ರೇಮಿಯೂ ಹೇಳಲಾರ. ಬ್ಲೂಸ್‌ನದೂ ಇದೇ ಇಕ್ಕಟ್ಟು. ಪಾಲುಗಾರಿಕೆಯ ಸಾಲ, ಪಾರ್ಚ್‌ಮನ್ ಸೆರೆಮನೆಯ ಹೊಲಗಳಲ್ಲಿ ಕೈದಿಗಳ ದುಡಿಮೆ, ಇವೆಲ್ಲ ಇಲ್ಲದಿದ್ದರೆ ಒಳ್ಳೆಯದಿತ್ತು. ವ್ಯತ್ಯಾಸವೇನೆಂದರೆ ಅಲ್ಲಿ ಬದುಕು ಬದಲಾಗುವ ಮುನ್ನವೇ ಸಾವಿರಾರು ಹಾಡುಗಳು ಮುದ್ರಣವಾಗಿದ್ದವು. ಹಾಡಿದವರ ಮೊಮ್ಮಕ್ಕಳು ಹೊಲವನ್ನು ಬಿಟ್ಟರೂ ಹಾಡನ್ನು ಕಲಿಯಲು ಸಾಧ್ಯವಾಯಿತು. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಗೌರವಗಳು ಸ್ವಾಗತಾರ್ಹ. ಆದರೆ ಪ್ರಶಸ್ತಿಪತ್ರದಿಂದ ಯಾವ ಹುಡುಗನೂ ಧಾಟಿಯನ್ನು ಕಲಿಯಲಾರ. ತತ್ವಪದಗಳ ಮಾತೂ ಅಷ್ಟೆ. ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ಸಾಹಿತ್ಯ ಅಚ್ಚಾಗಿದೆ. ಏಕತಾರಿ ಹಿಡಿದು ರಾತ್ರಿಯಿಡೀ ಕುಳಿತುಕೊಳ್ಳುವ ಭಜನಾ ಮೇಳದ ಹಿರಿಯರು ಯಾವ ಅಕ್ಷರವನ್ನು ಎಳೆಯುತ್ತಾರೆ, ಎಲ್ಲಿ ಉಸಿರು ನಿಲ್ಲಿಸುತ್ತಾರೆ ಎಂಬುದು ಅಚ್ಚಾಗುವ ವಸ್ತುವಲ್ಲ.

1941ರ ಆಗಸ್ಟ್‌ನಲ್ಲಿ ಅಲನ್ ಲೊಮ್ಯಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಅಮೆರಿಕದ ಸಂಸತ್ ಗ್ರಂಥಾಲಯದ ಮುದ್ರಣಯಂತ್ರವನ್ನು ಹೊತ್ತುಕೊಂಡು ಸ್ಟೋವಲ್ ಎಂಬ ಹತ್ತಿ ತೋಟಕ್ಕೆ ಬಂದರು. ಅಲ್ಲಿ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬ ಯುವಕನ ಹಾಡುಗಳನ್ನು ಮುದ್ರಿಸಿ, ಅವನಿಗೇ ಕೇಳಿಸಿದರು. ತನ್ನ ಧ್ವನಿಯನ್ನು ತಾನೇ ಹೊರಗಿನಿಂದ ಕೇಳಿದ ಆ ಯುವಕ ಎರಡು ವರ್ಷಗಳಲ್ಲಿ ಷಿಕಾಗೊಕ್ಕೆ ರೈಲು ಹತ್ತಿದ. ಮಡ್ಡಿ ವಾಟರ್ಸ್ ಎಂದು ಜಗತ್ತು ಬಲ್ಲುದು ಅವನನ್ನೇ. 1944ರಲ್ಲಿ ಅದೇ ಸೀಮೆಯ ಹಾಪ್ಸನ್ ತೋಟದಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಪ್ರದರ್ಶನ ನಡೆಯಿತು. ಕೈಗಳಿಗೆ ಕೆಲಸ ಕಡಿಮೆಯಾಗತೊಡಗಿತು, ಹಳ್ಳಿಗಳು ಖಾಲಿಯಾದವು. 1910ರಿಂದ 1970ರ ನಡುವೆ ದಕ್ಷಿಣವನ್ನು ಬಿಟ್ಟು ಹೋದ ಕಪ್ಪು ಜನರ ಸಂಖ್ಯೆ ಸುಮಾರು 60 ಲಕ್ಷ. ಮೂರು ವರ್ಷ ತಡವಾಗಿದ್ದರೆ ಲೊಮ್ಯಾಕ್ಸ್ ಅವರ ಯಂತ್ರಕ್ಕೆ ಆ ತೋಟದಲ್ಲಿ ಆ ಯುವಕ ಸಿಗುತ್ತಿರಲಿಲ್ಲ.

ಗಂಗಾವತಿಯ ನೀರಾವರಿ ಗದ್ದೆಗಳಲ್ಲಿ ನಾಟಿಯ ಪದಗಳು ಕೇಳುವುದು ಅಪರೂಪವಾಗಿದೆ. ಬೀಸುವ ಪದಗಳು ಹಿಟ್ಟಿನ ಗಿರಣಿ ಬಂದಾಗಲೇ ಹೋದವು. ಕೆಲಸ ಹೋದಾಗ ಅದಕ್ಕೆ ಅಂಟಿಕೊಂಡ ಹಾಡೂ ಹೋಗುತ್ತದೆ, ಇದರಲ್ಲಿ ಶೋಕಿಸಬೇಕಾದದ್ದೇನಿಲ್ಲ. ಬೀಸುವ ಕಲ್ಲಿನ ಮುಂದೆ ಯಾವ ಹೆಣ್ಣುಮಗಳೂ ಮತ್ತೆ ಕೂರಬೇಕಾಗಿಲ್ಲ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹಳ್ಳಿಗಳಿಂದ ಮಂಗಳೂರಿಗೆ, ಗೋವಾಕ್ಕೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಕಥೆಯನ್ನು ಮಿಸಿಸಿಪಿಯ ವಲಸೆಯೊಂದಿಗೆ ಹೋಲಿಸಿ ಎಳೆದಾಡುವುದೂ ತರವಲ್ಲ. ಎರಡರ ಚರಿತ್ರೆ ಬೇರೆ. ಒಂದು ಸಂಗತಿ ಮಾತ್ರ ಸಮಾನವಾಗಿದೆ. ಹಾಡಬಲ್ಲವರು ಊರು ಬಿಡುತ್ತಾರೆ, ಉಳಿದವರಿಗೆ ವಯಸ್ಸಾಗುತ್ತದೆ. ಸರ್ಕಾರಿ ಕಡತಗಳಲ್ಲಿ ಮಳೆಯ ಪ್ರಮಾಣ, ಬಿತ್ತನೆಯ ಕ್ಷೇತ್ರ, ಜಾನುವಾರು ಗಣತಿಗೆ ಕಾಲಂಗಳಿವೆ. ಹಾಡಿಗೆ ಒಂದು ಕಾಲಂ ಇರುವುದನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ.

ಬ್ಲೂಸ್ ಪ್ರಿಯರಿಗೆ ಇಲ್ಲಿ ಇನ್ನೊಂದು ಹೆಸರು ಹೇಳಬೇಕು. ಮಾಲಿ ದೇಶದ ಅಲಿ ಫರ್ಕಾ ತೂರೆ ನೈಜರ್ ನದಿಯ ದಂಡೆಯ ನಿಯಾಫುಂಕೆ ಎಂಬ ಊರಿನ ಬೇಸಾಯಗಾರ. ಬಾಲ್ಯದಲ್ಲಿ ಕಲಿತದ್ದು ಒಂದೇ ತಂತಿಯ ಊರಿನ ವಾದ್ಯವನ್ನು. ಅದೇ ನುಡಿಯನ್ನು ಗಿಟಾರಿಗೆ ತಂದಾಗ ಜಗತ್ತು ಅವರನ್ನು ಆಫ್ರಿಕಾದ ಬ್ಲೂಸ್ ವಾದಕ ಎಂದಿತು. ಅವರಿಗೆ ಆ ಬಿರುದು ಅಷ್ಟಾಗಿ ರುಚಿಸಲಿಲ್ಲ. ತಾನು ನುಡಿಸುವುದು ತನ್ನ ಊರಿನದನ್ನೇ ಎಂಬುದು ಅವರ ನಿಲುವು. ರೈ ಕೂಡರ್ ಜೊತೆಗಿನ 'ಟಾಕಿಂಗ್ ಟಿಂಬಕ್ಟು' 1994ರದು. 2004ರಲ್ಲಿ ಅವರು ಊರಿನ ಮೇಯರ್ ಆಗಿ, ಸ್ವಂತ ಹಣದಿಂದ ರಸ್ತೆ, ಕಾಲುವೆಗಳ ಕೆಲಸ ಮಾಡಿಸಿದರು. ಆಡಳಿತದಲ್ಲಿದ್ದವನಾಗಿ ಇದನ್ನು ಉಲ್ಲೇಖಿಸದಿರಲು ಮನಸ್ಸು ಬರುತ್ತಿಲ್ಲ. ಹರ್ಟ್, ಹೂಕರ್, ಕಿಂಗ್ ಎಲ್ಲರನ್ನೂ ಕೇಳಿದ ಮೇಲೆ ತೂರೆಯವರನ್ನು ಕೇಳುವುದು ಸರಿ. ಗಿಟಾರಿಗೆ ಊರು ಇರಬಲ್ಲದು ಎಂಬುದು ಆಗ ಕಿವಿಗೆ ಬೀಳುತ್ತದೆ.

ಇಂದು ಪ್ರತಿ ಗಿಟಾರ್ ಕಲಿಯುವವನ ಜೇಬಿನಲ್ಲಿಯೂ ಲೊಮ್ಯಾಕ್ಸ್ ಹೊತ್ತು ತಂದದ್ದಕ್ಕಿಂತ ಉತ್ತಮವಾದ ಮುದ್ರಣಯಂತ್ರವಿದೆ. ಹುಲಿಗಿಯ ಹುಣ್ಣಿಮೆಗೋ ತನ್ನದೇ ಊರಿನ ಭಜನಾ ಮೇಳಕ್ಕೋ ಹೋಗುವವನು ಕೆಲವು ಸಾಮಾನ್ಯ ಶಿಷ್ಟಾಚಾರಗಳನ್ನು ಪಾಲಿಸಿದರೆ ಸಾಕು. ಮೊದಲು ಕೇಳಿ, ಆಮೇಲೆ ಅನುಮತಿ ಪಡೆಯಬೇಕು. ಹಾಡಿದವರಿಗೆ ಅವರ ಶ್ರಮದ ಹಣ ಸಲ್ಲಬೇಕು. ಹಾಡು, ಹಾಡಿದವರ ಹೆಸರು, ಊರು, ಯಾರಿಂದ ಕಲಿತದ್ದು, ದಿನಾಂಕ, ಇವಿಷ್ಟನ್ನು ಅಂದೇ ಬರೆದಿಡಬೇಕು. ಮುದ್ರಿಸಿದ್ದನ್ನು ಹಾಡಿದವರಿಗೆ ಕೇಳಿಸಿ, ಒಂದು ಪ್ರತಿಯನ್ನು ಅವರ ಮನೆಯವರ ಫೋನಿಗೂ ಕೊಡಬೇಕು. ಮಿಸಿಸಿಪಿಯ ಆ ಪ್ರವಾಸಗಳಲ್ಲಿ ಜಾನ್ ವರ್ಕ್ ಮತ್ತು ಅವರ ಸಹೋದ್ಯೋಗಿಗಳು ಬರೆದ ಟಿಪ್ಪಣಿಗಳು ದಶಕಗಳ ಕಾಲ ಬದಿಗೆ ಬಿದ್ದಿದ್ದು 2005ರಲ್ಲಷ್ಟೇ ಪುಸ್ತಕವಾಗಿ ಹೊರಬಂದವು. ಲೊಮ್ಯಾಕ್ಸ್ ಹೆಸರು ಮಾತ್ರ ಅಷ್ಟೂ ಕಾಲ ಉಳಿದಿತ್ತು. ಹೆಸರು ಬರೆದಿಡುವ ವಿಷಯದಲ್ಲಿ ಇಷ್ಟು ಒತ್ತಾಯ ಮಾಡುವುದು ಅದಕ್ಕಾಗಿಯೇ.

ಮನೆಗೆ ಬಂದ ಮೇಲೆ ಆ ಮುದ್ರಣದ ಶ್ರುತಿಗೆ ಗಿಟಾರಿನ ಒಂದು ತಂತಿಯನ್ನು ಹೊಂದಿಸಿಕೊಳ್ಳಬಹುದು. ಔಷಧದ ಚಿಕ್ಕ ಗಾಜಿನ ಸೀಸೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು, ಆ ಒಂದೇ ತಂತಿಯ ಮೇಲೆ ಚೌಡಿಕೆಯ ಸಾಲನ್ನು ಹುಡುಕಬಹುದು. ಪಟ್ಟಿಗಳನ್ನು ನೋಡಬಾರದು, ಸ್ವರ ಸಿಗುವವರೆಗೆ ಸೀಸೆ ಜಾರುತ್ತಿರಲಿ. ಉಳಿದ ಐದು ತಂತಿಗಳನ್ನು ಆ ದಿನ ಮುಟ್ಟದಿದ್ದರೂ ನಡೆದೀತು.